ಒಂದು ಮನೆ ಬಿಟ್ಟು ಒಂದು ಮನೆ

ದೀಪ ಇರಲಿ ಬಿಡಿ, ಆರಿಸಬೇಡಿ. ಹೆದರಿಸೋಕೆ ಹೇಳುತ್ತಿಲ್ಲ ನಾನು. ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು ಇದು.

ಅವನಿಗೆ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಕೆಲಸ. ನಮಗೆಲ್ಲ ಅವನು ಲಿಫ್ಟಣ್ಣ. "ದಿನಾ ನೂರು ಸಲ ಮೇಲಕ್ಕೆ ಹೋಗ್ತೀನಿ, ಆದ್ರೂ ಜೀವನದಲ್ಲಿ ಮೇಲೆ ಬರ್ಲಿಲ್ಲ ನೋಡು" ಅಂತ ತನ್ನನ್ನೇ ಗೇಲಿ ಮಾಡಿಕೊಳ್ಳುವ ಮನುಷ್ಯ. ಆವತ್ತು ಸಂಜೆ ಪಾಳಿ ಮುಗಿಸಿ, ರಾತ್ರಿ ಕೊನೆ ಬಸ್ಸಿಳಿದು ನಡೆದು ಬರುತ್ತಿದ್ದ. ಬಡಾವಣೆಯ ಮೂಲೆಯಲ್ಲೊಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅವನು ದಾಟುವಾಗ ಒಂದು ಕಲ್ಲು ಜಾರಿತು. ಟಣ್... ಆಮೇಲೆ ಎಷ್ಟೋ ಹೊತ್ತಿಗೆ... ಬುಳುಕ್. ಬೇರೆ ದಿನವಾಗಿದ್ದರೆ ಬೆಚ್ಚಿಬೀಳುತ್ತಿದ್ದ. ಆವತ್ತು ತಿರುಗಿಯೂ ನೋಡಲಿಲ್ಲ. ತಾಯಿ ತೀರಿಕೊಂಡು, ಬಂದ ನೆಂಟರೆಲ್ಲ ಹೊರಟುಹೋಗಿ, ಅವನು ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಅದು.

ಬಾಗಿಲು ತೆಗೆದ. ಹೆಂಡತಿ ಒಳಕೋಣೆಯಲ್ಲಿ ಮಲಗಿದ್ದಳು. ಅವಳನ್ನು ಯಾಕೆ ಎಬ್ಬಿಸಲಿ ಅಂತ ದೀಪ ಹಾಕಲಿಲ್ಲ. ಚಪ್ಪಲಿ ಬಿಟ್ಟು ಬಚ್ಚಲ ಕಡೆ ಹೆಜ್ಜೆ ಇಟ್ಟ.

ಸರ್ರ್... ಸರ್ರ್...

ಒದ್ದೆ ಬಟ್ಟೆ ನೆಲದ ಮೇಲೆ ಎಳೆಯುವ ಸದ್ದು. ನಿಂತಿತು. ಈಗ ಬಟ್ಟೆ ಹಿಂಡುವ ಸದ್ದು. ಬಕೆಟ್ಟಿನೊಳಗೆ ತೊಟ್... ತೊಟ್... ತೊಟ್.

ಇನ್ನೊಂದು ಹೆಜ್ಜೆ ಇಡಬೇಕು, ಅಷ್ಟರಲ್ಲಿ ಕತ್ತಲೊಳಗಿಂದ ಪಿಸುದನಿ.

"ನಿಲ್ಲು ಮಗಾ... ಒದ್ದೆ ಇದೆ."

ನಿಂತ. ನಿಲ್ಲದೆ ಏನು ಮಾಡುತ್ತಾನೆ? ಹುಟ್ಟಿದಾಗಿನಿಂದ ಕೇಳಿದ ದನಿ.

ಅವರ ಮನೆ ವಿಷಯ ಹೇಳದಿದ್ದರೆ ಇದು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಚಿಕ್ಕಮ್ಮ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. ಮೊಣಕಾಲು ಸವೆದುಹೋಗುವವರೆಗೂ ಒರೆಸಿದಳು. ಅದಕ್ಕೊಂದು ಕ್ರಮವಿತ್ತು ಅವಳದು. ದೂರದ ಮೂಲೆಯಿಂದ ಶುರುಮಾಡಿ, ಕುಕ್ಕರಗಾಲಲ್ಲಿ ಹಿಂದಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರಬೇಕು. ಒಣಗುವ ತನಕ ಯಾರನ್ನೂ ಬಿಡಬಾರದು. "ದೊಡ್ಡ ಡಾಕ್ಟ್ರನ್ನೇ ನಿಲ್ಲಿ ಅಂತ ತಡೆಯೋ ಅಧಿಕಾರ ಈ ಆಸ್ಪತ್ರೇಲಿ ಇರೋದು ನನಗೊಬ್ಬಳಿಗೇ" ಅಂತ ನಗುತ್ತಿದ್ದಳು. ಮಗ ಹೇಳುತ್ತಿದ್ದ, "ಸ್ವಂತ ಮನೆ ಅಂತ ಒಂದಾಗ್ಲಿ ಅಮ್ಮಾ, ಆಮೇಲೆ ನೀನು ಆ ಬಟ್ಟೆ ಮುಟ್ಟಿದ್ರೆ ಕೇಳು."

ಸ್ವಂತ ಮನೆ ಆಯಿತು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದವರು, ಕಟ್ಟಿಟ್ಟ ಮನೆ ಕೊಂಡು ನೋಡು ಅನ್ನುವುದನ್ನು ಮರೆತುಬಿಟ್ಟಿದ್ದರು. ಒಂದೇ ಥರದ ಮನೆಗಳ ಉದ್ದ ಸಾಲು. ಒಂದು ಮನೆಯ ನಕ್ಷೆ, ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪಕ್ಕದ ಮನೆ. ಮೇಲೆ ಥಳುಕು, ಒಳಗೆ ಹುಳುಕು. ಅಡುಗೆಮನೆ ಕಿಟಕಿ ಮುಚ್ಚಿದರೆ ತೆಗೆಯಲಾಗದು, ತೆಗೆದರೆ ಮುಚ್ಚಲಾಗದು. ಫ್ಯಾನಿನ ಸ್ವಿಚ್ ಒತ್ತಿದರೆ ಹೊರಗಿನ ದೀಪ ಹತ್ತುತ್ತಿತ್ತು. ಹೋಗಲಿ, ಅದನ್ನೆಲ್ಲ ಸಹಿಸಬಹುದು. ಬಚ್ಚಲದ್ದೇ ದೊಡ್ಡ ಗೋಳು. ಗೋಡೆ ತಿರುಗಿಸಿದರು, ಬಾಗಿಲು ತಿರುಗಿಸಿದರು, ನೀರು ಹೋಗುವ ಜಾಲರಿಯನ್ನೂ ಆ ಕಡೆಗೆ ತಿರುಗಿಸಿದರು, ನೆಲದ ಇಳಿಜಾರನ್ನು ಮಾತ್ರ ತಿರುಗಿಸಲಿಲ್ಲ! ಒಂದು ಮನೆ ಬಿಟ್ಟು ಒಂದು ಮನೆಗೆ ಅದೇ ಕತೆ. ಜಾಲರಿ ಒಂದು ಮೂಲೆಯಲ್ಲಿ, ನೀರು ಹರಿದು ಬರುವುದು ಬಾಗಿಲಿಗೆ. ಸಾಲದ್ದಕ್ಕೆ ಗೋಡೆಯೊಳಗೆ ಪೈಪು ಸಣ್ಣಗೆ ಸೋರುತ್ತಿತ್ತು. ರಾತ್ರಿಯೆಲ್ಲ ಜಿನುಗಿ ಹಜಾರಕ್ಕೆ ಇಳಿಯುತ್ತಿತ್ತು.

ಲಿಫ್ಟಣ್ಣ ಮನೆ ಕಟ್ಟಿ ಮಾರಿದ ಕಂಪನಿಯ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಸೂಪರ್‌ವೈಸರ್ ಹೇಳುತ್ತಿದ್ದದ್ದು ಒಂದೇ ಮಾತು. "ಹೊಸ ಮನೆ ಅಲ್ವಾ ಸಾರ್, ಸ್ವಲ್ಪ ಸೆಟ್ಲ್ ಆಗ್ಬೇಕು."

"ನನ್ನ ಮದುವೆ ಆಗಿ ಇಷ್ಟು ವರ್ಷ ಆಯ್ತು, ನಾನೇ ಇನ್ನೂ ಸೆಟ್ಲ್ ಆಗಿಲ್ಲ. ಮನೆ ಯಾವಾಗಪ್ಪ ಆಗೋದು?"

ಸೂಪರ್‌ವೈಸರ್ ನಕ್ಕು, ಮುಂದಿನ ವಾರ ಮೇಸ್ತ್ರಿಯನ್ನು ಕಳಿಸುತ್ತೇನೆ ಎನ್ನುತ್ತಿದ್ದ. ಆ ಮುಂದಿನ ವಾರ ಬರಲೇ ಇಲ್ಲ. ಇತ್ತ ಚಿಕ್ಕಮ್ಮ ಮತ್ತೆ ಬಟ್ಟೆ ಹಿಡಿದಳು. "ಮಗ ಕತ್ತಲಲ್ಲಿ ಬರ್ತಾನೆ, ಜಾರಿಗೀರಿದ್ರೆ?" ಅಂತ ಅವನು ಬರುವ ಹೊತ್ತಿಗೆ ಎದ್ದು ಒರೆಸಿಡುತ್ತಿದ್ದಳು. ಒಂದು ರಾತ್ರಿ ಅವಳೇ ಜಾರಿದಳು. ಸೊಸೆಗೆ ನಿದ್ದೆಗಣ್ಣಲ್ಲಿ ಕೇಳಿಸಿದ್ದು ಧಪ್ ಅನ್ನುವ ಒಂದೇ ಸದ್ದು. ಆಸ್ಪತ್ರೆಯಲ್ಲಿ ತಾಯಿಯನ್ನು ತನ್ನ ಲಿಫ್ಟಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋದವನು ಲಿಫ್ಟಣ್ಣನೇ. ಮಾರನೇ ಬೆಳಿಗ್ಗೆ ಕೆಳಕ್ಕೆ ತಂದವನೂ ಅವನೇ.

ಮತ್ತೆ ಆ ರಾತ್ರಿಗೆ ಬನ್ನಿ. ಕತ್ತಲಲ್ಲಿ ನಿಂತವನು ಮೆಲ್ಲಗೆ ಕರೆದ.

"ಅಮ್ಮಾ..."

ಸರ್ರ್... ಸರ್ರ್...

"ಅಮ್ಮಾ, ಸಾಕು... ಹೋಗಿ ಮಲಗು."

"ನೀನು ಮಲಗು."

ದೀಪ ಹಾಕಿದ. ಯಾರೂ ಇಲ್ಲ. ನೆಲ ಒಣಗಿತ್ತು.

ಆಮೇಲೆ ದಿನಾ ಹೀಗೇ. ಹೆದರಿದನೇ ಅಂತ ಕೇಳುತ್ತೀರಿ. ಮೊದಲ ರಾತ್ರಿ ಹೆದರಿದ. ಆಮೇಲೆ ಆ ಸದ್ದಿಗಾಗಿಯೇ ದಾಪುಗಾಲು ಹಾಕಿ ಮನೆಗೆ ಬರತೊಡಗಿದ. ಹಜಾರದ ಕತ್ತಲಲ್ಲಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದ. ಹೆಂಡತಿಗೂ ಕೇಳಿಸುತ್ತಿತ್ತು. ಅವಳು ಹೊದಿಕೆಯೊಳಗೆ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಕಂಪನಿಯ ಮೇಸ್ತ್ರಿ ಬಂದ! ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ. ಚಿಕ್ಕಮ್ಮ ಸತ್ತ ಸುದ್ದಿ ಆಫೀಸಿಗೆ ಮುಟ್ಟಿತ್ತೋ ಏನೋ. ಅವನಿಗಾಗಿ ತಿಂಗಳುಗಟ್ಟಲೆ ಕೈಮುಗಿದಿದ್ದ ಲಿಫ್ಟಣ್ಣ ಬಾಗಿಲಿಗೆ ಅಡ್ಡ ನಿಂತು ಹೇಳಿದ, "ಏನೂ ಬೇಡ. ಸರಿಯಾಗಿದೆ. ಹೋಗು."

ಮೇಸ್ತ್ರಿ ಹೋದ. ಹೆಂಡತಿ ಅಡುಗೆಮನೆಯಿಂದ ಎಲ್ಲ ನೋಡುತ್ತಿದ್ದಳು. ಹೊರಗೆ ಬಂದು, ದನಿ ಏರಿಸದೆ ಕೇಳಿದಳು.

"ರೀ, ಅತ್ತೆ ಸತ್ತ ಮೇಲೂ ಅವರ ಕೈಲಿ ನೆಲ ಒರೆಸ್ತೀರಾ?"

ಲಿಫ್ಟಣ್ಣ ಬರಿಗಾಲಲ್ಲೇ ಓಡಿ, ಬಸ್ ನಿಲ್ದಾಣದ ಹತ್ತಿರ ಮೇಸ್ತ್ರಿಯನ್ನು ಹಿಡಿದು ಕರೆತಂದ.

ಇಬ್ಬರೂ ಸೇರಿ ಟೈಲ್ಸ್ ಒಡೆದರು. ಸೋರುವ ಪೈಪು ಕತ್ತರಿಸಿ ಬೇರೆ ಹಾಕಿದರು. ಇಳಿಜಾರು ಜಾಲರಿಯ ಕಡೆಗೆ ಬರುವಂತೆ ಹೊಸ ನೆಲ ಹಾಕಿದರು. ಒಣಗಿದ ಮೇಲೆ ಲಿಫ್ಟಣ್ಣ ಒಂದು ಬಿಂದಿಗೆ ನೀರು ಸುರಿದ. ಗಳಗಳ ಅಂತ ನೇರ ಜಾಲರಿಗೆ ಹೋಯಿತು. ಬಾಗಿಲಿಗೆ ಒಂದು ಹನಿಯೂ ಬರಲಿಲ್ಲ.

ಆ ರಾತ್ರಿ ಸದ್ದಿಲ್ಲ. ಮರುರಾತ್ರಿಯೂ ಇಲ್ಲ. ಅಮ್ಮ ಕೊನೆಗೂ ಮಲಗಿದಳು ಅಂತ ಅವನು ಮನಸಾರೆ ಅತ್ತ. ಅವನೇ ನನಗೆ ಹೇಳಿದ್ದು, ತಾಯಿ ನಿಜವಾಗಿ ಹೋದದ್ದು ಆವತ್ತೇ ಅನ್ನಿಸಿತಂತೆ.

ನಾನೂ ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಅದೇ ವಾರ, ಪಕ್ಕದ ಮನೆ ಬಿಟ್ಟು ಅದರಾಚೆಯ ಮನೆಯಲ್ಲಿರುವ ದರ್ಜಿಯ ಹೆಂಡತಿ ಬೀದಿಯಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು. "ಅಣ್ಣಾ, ನಿಮ್ಮನೇದು ರಿಪೇರಿ ಮಾಡ್ಸಿದ್ರಂತೆ. ನಮ್ಮನೇದೂ ಹಾಗೇ ಇತ್ತು, ದಿನಾ ಬೆಳಿಗ್ಗೆ ಹಜಾರವೆಲ್ಲ ನೀರು. ಈಗ ನೋಡಿ, ರಿಪೇರೀನೇ ಇಲ್ದೆ ಸರಿಹೋಗಿದೆ. ಎದ್ದು ನೋಡಿದ್ರೆ ನೆಲ ಒಣಗಿರ್ತದೆ."

ಲಿಫ್ಟಣ್ಣನ ಮುಖ ಬಿಳಿಚಿಕೊಂಡಿತು. "ಯಾವತ್ತಿಂದ?"

"ಒಂದೆರಡು ದಿನ ಆಯ್ತೇನೋ..."

ಆ ಭಾನುವಾರ ಅವನು ಸುತ್ತಿಗೆ ಹಿಡಿದು ದರ್ಜಿಯ ಮನೆಗೆ ಹೋದ. ಇವನಿಗೇನು ಹುಚ್ಚೇ ಅಂತ ದರ್ಜಿ ನಕ್ಕ. ಆದರೂ ಬಿಟ್ಟಿ ಕೆಲಸ ಯಾರಿಗೆ ಬೇಡ? ಆ ಮನೆ ಮುಗಿಯಿತು. ಸ್ವಲ್ಪ ದಿನಕ್ಕೆ ಅದರಾಚೆ, ಒಂದು ಬಿಟ್ಟು ಇನ್ನೊಂದು ಮನೆಯಲ್ಲಿ ನೆಲ ಒಣಗತೊಡಗಿತು. ಲಿಫ್ಟಣ್ಣ ಅಲ್ಲಿಗೂ ಹೋದ. ಹೀಗೇ ಸಾಲುದ್ದಕ್ಕೂ. ತಾಯಿ ಮುಂದೆ, ಮಗ ಹಿಂದೆ. ಅವನ ಅಂಗೈ ತುಂಬ ಬೊಬ್ಬೆ. ಸಾಕು ಬಿಡೋ ಅಂತ ನಾನೇ ಬೈದೆ. "ಅವಳು ಆ ಬಟ್ಟೆ ಕೆಳಗಿಟ್ಟು ಕೂತ್ಕೊಳ್ಳೋ ತನಕ" ಅಂದ.

ಕಡೆಗೆ ಉಳಿದದ್ದು ಸಾಲಿನ ತುದಿಯ ಮನೆ. ಕೊಂಡವರು ಯಾರೋ ದೂರದವರು. ಬೀಗ ಹಾಕಿ ಹೋದವರು ಬಂದೇ ಇಲ್ಲ. ಫೋನ್ ಎತ್ತುವುದಿಲ್ಲ. ಆಫೀಸಿಗೆ ಹೋದರೆ, ಕಂಪನಿಯೇ ಬಾಗಿಲು ಹಾಕಿಕೊಂಡಿತ್ತು. ಲಿಫ್ಟಣ್ಣ ಸುತ್ತಿಗೆ ಹಿಡಿದುಕೊಂಡು ಎಷ್ಟೋ ಸಲ ಹೋಗಿ, ಬೀಗ ಮುಟ್ಟಿ, ವಾಪಸು ಬಂದ. ಇನ್ನೊಬ್ಬರ ಮನೆ ಬಾಗಿಲು ಒಡೆಯುವುದು ಹೇಗೆ?

ಒಂದು ರಾತ್ರಿ ನನ್ನನ್ನು ಕರೆದ. ಜೊತೆಗೆ ಹೋದೆ. ಕಿಟಕಿಯ ಗಾಜಿಗೆ ಮುಖ ಒತ್ತಿ ಇಬ್ಬರೂ ಬ್ಯಾಟರಿ ಬಿಟ್ಟೆವು. ಒಳಗೆ ಸದ್ದಿಲ್ಲ. ನನಗಂತೂ ಏನೂ ಕೇಳಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಅವನು ಗಾಜಿನ ಮೇಲೆ ಅಂಗೈ ಇಟ್ಟು, "ಅಮ್ಮಾ, ಬಿಟ್ಟುಬಿಡಮ್ಮಾ... ಇಲ್ಲಿ ಯಾರೂ ಇಲ್ಲ, ಯಾರೂ ಜಾರಲ್ಲ" ಅಂತ ಪಿಸುಗುಟ್ಟಿದ. ಆ ಮಾತು ಕೇಳಿ ನನಗೂ ಅಳು ತಡೆಯಲಾಗಲಿಲ್ಲ.

ಆದರೆ ನಾನು ನನ್ನ ಕಣ್ಣಾರೆ ಕಂಡದ್ದು ಇದು. ಹಜಾರದ ತುಂಬ ಬೆರಳು ಮುಳುಗುವಷ್ಟು ಧೂಳು. ಕಿಟಕಿ ಮೇಲೆ, ಕಪಾಟಿನ ಮೇಲೆ, ಎಲ್ಲೆಲ್ಲೂ. ಧೂಳಿನ ಮೇಲೆ ಒಂದೇ ಒಂದು ಹೆಜ್ಜೆ ಗುರುತಿಲ್ಲ. ಬಚ್ಚಲ ಬಾಗಿಲಿನಿಂದ ಈಚೆಗೆ, ಒಬ್ಬರು ಕೂತು ಕೈ ಚಾಚಿದಷ್ಟು ಅಗಲಕ್ಕೆ, ನೆಲ ಮಾತ್ರ ಥಳಥಳ ಹೊಳೆಯುತ್ತಿತ್ತು. ಬೇಕಾದರೆ ಈಗಲೇ ಎದ್ದು ಬನ್ನಿ, ಬ್ಯಾಟರಿ ನನ್ನ ಹತ್ತಿರವೇ ಇದೆ.