ಕನ್ನಡಿ ಅವಳ ಎತ್ತರಕ್ಕೇ ಇದೆ

ನಾನು, ವಯಸ್ಸು ಹದಿನೆಂಟು, ಪದವಿ ಮೊದಲನೇ ವರ್ಷದ ವಿದ್ಯಾರ್ಥಿನಿ, ಕಾಲೇಜು ಹಾಸ್ಟೆಲಿನ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ವಾಸ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮತ್ತು ನನ್ನ ರೂಮ್‌ಮೇಟ್ ಐದನೇ ತರಗತಿಯಿಂದ ಹಾಸ್ಟೆಲುಗಳಲ್ಲೇ ಒಟ್ಟಿಗೆ ಬೆಳೆದವರು. ಅವಳು ನನಗಿಂತ ಒಂದು ಗೇಣು ಎತ್ತರ. ಹುಡುಗಿಯರು ಅವಳನ್ನು ಏಣಿ ಎಂದೂ ನನ್ನನ್ನು ಮಣೆ ಎಂದೂ ಕರೆಯುತ್ತಾರೆ.

ನಿನ್ನೆ ಸಂಜೆ ಐದೂವರೆಗೆ ನೋಟ್ಸ್ ಜೆರಾಕ್ಸ್ ಮಾಡಿಸಲು ನನ್ನ ಸ್ಕೂಟರಿನಲ್ಲಿ ಹೊರಟೆವು. ಗೇಟಿನ ಬಳಿ ಅವಳು ತಾನು ಓಡಿಸುವುದಾಗಿ ಹಟ ಹಿಡಿದಳು. ನಿನಗೆ ಲೈಸೆನ್ಸ್ ಇಲ್ಲವಲ್ಲ ಎಂದೆ. ನೀನು ಓಡಿಸಿದ್ರೆ ಆಮೇನೂ ಓವರ್‌ಟೇಕ್ ಮಾಡುತ್ತೆ ಕಣೇ ಎಂದಳು. ನಕ್ಕು ಕೀ ಕೊಟ್ಟೆ. ಅದು ನನ್ನ ತಪ್ಪು, ಬರೆದುಕೊಳ್ಳಬೇಕು. ನಾನು ಹಿಂದೆ ಕೂತ ಮೇಲೆ, ಬಲಗಡೆ ಕನ್ನಡಿಯಲ್ಲಿ ಬರೀ ನಿನ್ನ ಮಂಡಿ ಕಾಣುತ್ತೆ ಎಂದು ಅದನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು.

ಹೊಲಿಗೆ ಅಂಗಡಿಯ ಅಮ್ಮ ಬಟ್ಟೆಯ ಗಂಟು ಹಿಡಿದು ರಸ್ತೆಯ ಅಂಚಿನಲ್ಲಿ ನಮ್ಮ ಮುಂದೆ ನಡೆದು ಹೋಗುತ್ತಿದ್ದರು. ಏಣಿ ಗಾಬರಿಯಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತಿರುಗಿಸಿದಳು. ಗಾಡಿ ಬಡಿದು ಅಮ್ಮ ಬಿದ್ದರು. ಸ್ಕೂಟರ್ ಎಡಗಡೆ ಗೋಡೆಗೆ ಒರಗಿ ನಿಂತಿತು. ಹಿಂದಿನ ಚಕ್ರ ತಿರುಗುತ್ತಲೇ ಇತ್ತು. ಏಣಿ ಇಳಿದು ದೂರ ಸರಿದಳು. ನಾನು ಕೀ ಕಿತ್ತುಕೊಂಡು, ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಾರಿ ಅಮ್ಮ, ಸಾರಿ ಎನ್ನುತ್ತಿದ್ದೆ. ಜನ ಸೇರಿದ್ದು ಆಮೇಲೆ. ಅಮ್ಮನ ಬಲಗಾಲಿನ ಮೂಳೆ ಮುರಿದಿದೆ. ನಾವು ಹಿಂದಿನಿಂದ ಬಂದಿದ್ದರಿಂದ ಗಾಡಿ ಓಡಿಸುತ್ತಿದ್ದವರು ಯಾರೆಂದು ಅವರು ನೋಡಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಏಣಿ, ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಎಂದು ಅತ್ತಳು. ನಡೆದದ್ದನ್ನು ಹೇಳಿಬಿಡೋಣ ಎಂದೆ. ನಿನ್ನಾಣೆ, ಪೊಲೀಸರ ಹತ್ರ ಒಂದು ಸುಳ್ಳೂ ಹೇಳಲ್ಲ ಎಂದಳು. ನಾನು ನಂಬಿ, ಅವಳು ನಡುಗುತ್ತಿದ್ದಾಳೆಂದು ನನ್ನ ಸ್ವೆಟರ್ ಹೊದಿಸಿದೆ.

ಇಂದು ಸಬ್ ಇನ್‌ಸ್ಪೆಕ್ಟರ್ ಏಣಿಯ ಹೇಳಿಕೆ ಓದಿದರು, ಅದರಲ್ಲಿ ಅವಳು ಎಂದರೆ ನಾನು. ಗಾಡಿ ಅವಳದು. ಜನ ಬಂದಾಗ ಕೀ ಅವಳ ಕೈಯಲ್ಲಿತ್ತು. ಅವಳೇ ಸಾರಿ ಕೇಳುತ್ತಿದ್ದಳು. ಯಾರು ಓಡಿಸುತ್ತಿದ್ದರು ಎಂದು ಕೇಳಿದ್ದಕ್ಕೆ ಏಣಿ, ನನಗೆ ಲೈಸೆನ್ಸೇ ಇಲ್ಲ ಸರ್ ಎಂದು ಅತ್ತಳಂತೆ.

ಇದರಲ್ಲಿ ಯಾವುದು ಸುಳ್ಳು, ಬೆರಳಿಟ್ಟು ತೋರಿಸು ಎಂದರು. ನಾಲ್ಕೂ ನಿಜ ಸರ್, ಆದ್ರೆ ನಡೆದದ್ದು ಅದಲ್ಲ ಎಂದೆ. ನಾಲ್ಕು ನಿಜ ಕೂಡಿದ್ರೆ ಒಂದು ಸುಳ್ಳಾಗುತ್ತಾ ತಾಯಿ, ಇದ್ಯಾವ ಲೆಕ್ಕ ಎಂದು ಕೇಳಿದರು. ಪಕ್ಕದಲ್ಲಿದ್ದ ಮಹಿಳಾ ಪೇದೆ ನಕ್ಕರು. ನನಗೆ ಲೆಕ್ಕ ಬರುವುದಿಲ್ಲ. ಯಾರು ಹೇಳಿದರೂ ಬಿಟ್ಟರೂ ನಡೆದದ್ದು ನಡೆದೇ ಇರುತ್ತದೆ ಎಂಬುದಷ್ಟೇ ಗೊತ್ತು. ಅವಳು ನನ್ನ ಮೇಲಿನ ಆಣೆ ಮುರಿದಿಲ್ಲ. ಮುರಿದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಸ್ಕೂಟರ್ ಠಾಣೆಯ ಅಂಗಳದಲ್ಲಿದೆ. ಈಗ ಪೇದೆಯವರ ಎದುರು ಅದರ ಮೇಲೆ ಕೂತು ನೋಡಿದೆ. ಬಲಗನ್ನಡಿಯಲ್ಲಿ ನನಗೆ ರಸ್ತೆ ಕಾಣಲಿಲ್ಲ, ಬರೀ ಆಕಾಶ ಕಂಡಿತು. ಕನ್ನಡಿಯನ್ನು ಯಾರು ಬೇಕಾದರೂ ತಿರುಗಿಸಬಹುದು ಎಂದು ಸಬ್ ಇನ್‌ಸ್ಪೆಕ್ಟರ್ ಹೇಳಿದರು. ಅದೂ ನಿಜ.

ಆದ್ದರಿಂದ ಅವಳನ್ನು ಕರೆಸಿ, ಅದೇ ಸೀಟಿನ ಮೇಲೆ ಕೂರಿಸಿ, ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ಕೇಳಬೇಕಾಗಿ ಕೋರುತ್ತೇನೆ. ಅವಳು ಸುಳ್ಳು ಹೇಳುವುದಿಲ್ಲ.

ಓದಿ ಹೇಳಿದ್ದನ್ನು ಕೇಳಿದೆ. ಬರೆದದ್ದೆಲ್ಲ ನಿಜ, ನಡೆದದ್ದರಲ್ಲಿ ಬರೆಸದೆ ಬಿಟ್ಟದ್ದು ಯಾವುದೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ, ಮಧ್ಯಾಹ್ನ
ಸಹಿ