ತಗಡಿನ ರೊಕ್ಕ

ಪುಣೆಯ ಖಡಕಿಯ ಬಸ್ ಸ್ಟಾಪಿನಲ್ಲಿ ಕನ್ನಡದ ಜಗಳ ಕಿವಿಗೆ ಬಿದ್ದು ರಂಜಿನಿ ತಿರುಗಿದಳು. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿದ್ದವನೇ, ಅದರ ಕೆಳಗೆ ಹೆಂಡತಿಯೆದುರು ತಲೆ ತಗ್ಗಿಸಿ ನಿಂತಿದ್ದ.

“ಮನಿ ಮ್ಯಾಲಿನ ಸೋರೋ ತಗಡು ಬದಲಿ ಮಾಡೋ ರೊಕ್ಕ ಬ್ಯಾಂಕಿನ್ಯಾಗ ಅದ ಅಂದಿದ್ರಿ.”

“‘ನಿನ್ನ ಫ್ಲೆಕ್ಸ್ ಯಾವಾಗೋ’ ಅಂತ ಗೆಳ್ಯಾರು ಕಾಡಿದ್ರು, ಮಾನಮ್ಮ.”

“ಅದಕ್ಕ ನಾ ಇಟ್ಟಂಗಿ ಹೊತ್ತು ಕೂಡಿಟ್ಟ ರೊಕ್ಕನೇ ಬೇಕಾಗಿತ್ತೇನ್ರಿ?”

“ಮುಂದಿನ ಪಗಾರಕ್ಕ ಹೊಸ ತಗಡು ಹಾಕಸ್ತೀನಿ.”

“ಮಳಿ ನಿಮ್ಮ ಪಗಾರ ಕಾಯ್ತದೇನು?”

ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಾನಮ್ಮ ಫ್ಲೆಕ್ಸಿನತ್ತ ಕೈ ತೋರಿಸಿದಳು.

“ಅದನ್ನ ಬಿಚ್ಕೊಂಡೇ ಮನಿಗಿ ಬರ್ರಿ. ಸೋರೋ ತಗಡಿನ ಕೆಳಗ ಕಟ್ರಿ, ನಿಮ್ಮ ಮಾರಿ ಕೆಳಗ ಮಾಡಿ. ಮಲ್ಕೊಂಡು ಮ್ಯಾಲ ನೋಡಿದ್ರ ಮಕ್ಕಳಿಗೂ ತಿಳೀಲಿ, ರೊಕ್ಕ ಎಲ್ಲಿ ಹೋಯ್ತಂತ.”