ನಬೀಸಾಗೆ ಕೊಟ್ಟ ಹದಿನಾಲ್ಕು ಅಂಕ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪಂಚಾಯತಿ ಅಧ್ಯಕ್ಷೆಯವರೇ, ನನ್ನನ್ನು ನೆನಪಿಟ್ಟು ಕರೆಸಿದ ಮುಖ್ಯೋಪಾಧ್ಯಾಯರೇ, ಪೋಷಕರ ಸಂಘದ ಹಿರಿಯರೇ, ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಗಂಭೀರವಾಗಿ ಕುಳಿತಿರುವ ತೀರ್ಪುಗಾರರೇ, ಅವರಿಗಿಂತ ಗಂಭೀರವಾಗಿರುವ ತಾಯಂದಿರೇ, ಮುಖಕ್ಕೆ ಬಣ್ಣ ಹಚ್ಚಿಕೊಂಡು ಈ ಭಾಷಣ ಯಾವಾಗ ಮುಗಿದೀತು ಎಂದು ಕಾಯುತ್ತಿರುವ ಮಕ್ಕಳೇ, ಮತ್ತು ಸಭಿಕರೇ,

ಪುಳಿಕ್ಕಡವು ಹೈಸ್ಕೂಲಿನ ಕಲೋತ್ಸವವನ್ನು ಉದ್ಘಾಟಿಸಬೇಕೆಂದು ಫೋನು ಬಂದಾಗ ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ತೀರ್ಪು ಕೊಡೋಕೆ ಕೂರಿಸಲ್ಲ ತಾನೇ?" ಇಲ್ಲವೆಂದರು. ಹಾಗಾಗಿ ಒಪ್ಪಿದೆ. ಯಾಕೆ ಹಾಗೆ ಕೇಳಿದೆ? ಅದನ್ನು ಹೇಳಿಯೇ ದೀಪ ಹಚ್ಚುತ್ತೇನೆ. ದೀಪಕ್ಕೆ ಎಣ್ಣೆ ಸಾಕಷ್ಟಿದೆ, ನೋಡಿಕೊಂಡೇ ಬಂದೆ.

ಮೂವತ್ತಾರು ವರ್ಷಗಳ ಹಿಂದೆ ನಾನು ಈ ಶಾಲೆಗೆ ಬಿ.ಎಡ್. ತರಬೇತಿಗೆಂದು ಬಂದೆ. ನನಗಾಗ ಇಪ್ಪತ್ತೆರಡು. ತೆಂಕಣ ಕೇರಳದ ಕೊಲ್ಲಂ ಕಡೆಯವಳು. ಉತ್ತರದ ಈ ಮಲಬಾರಿನ ಮಕ್ಕಳಿಗೆ ತೆಂಕಣ ಸೀಮೆಯ ನಮ್ಮ ಮಾತೇ ಒಂದು ತಮಾಷೆ. ನಾನು "ಕುಳಿತುಕೊಳ್ಳಿ" ಎಂದರೂ ನಗು, "ಎದ್ದೇಳಿ" ಎಂದರೂ ನಗು. ಸಾಲದ್ದಕ್ಕೆ ನನ್ನ ಕಂಠ. ಈಗಲೂ ಕೇಳುತ್ತಿದ್ದೀರಲ್ಲ, ಮೈಕು ಬೇಡದ ಕಂಠ. ಹೆದರಿದಾಗ ಇದು ಇನ್ನೂ ಒಂದು ಮೆಟ್ಟಿಲು ಮೇಲೇರುತ್ತದೆ. ನಮ್ಮಪ್ಪ ಹೇಳಿದ್ದರು, "ವಿಲಾಸಿನೀ, ಈ ಸ್ವರ ಇಟ್ಕೊಂಡು ನೀನು ಪಾಠ ಮಾಡಿದ್ರೆ ಮಕ್ಕಳು ಕಾಗೆ ಬಂತು ಅಂತ ಓಡಿಸ್ತಾರೆ ಕಣೇ." ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯಿಂದ ಹೇಳಿದ್ದು ಹೆಚ್ಚು ಕಾಲ ಉಳಿಯುತ್ತದೆ, ಅಲ್ಲವೇ?

ನನ್ನ ತರಗತಿ ಹತ್ತನೇ ಬಿ. ಮೂರನೇ ಬೆಂಚಿನಲ್ಲಿ ನಬೀಸ ಎಂಬ ಹುಡುಗಿ. ಅವಳಪ್ಪ ಮೀನು ಮಾರುವ ಆಲಿಕ್ಕ. ಓದಿನಲ್ಲಿ ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಎಲ್ಲ ಕಡೆ. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದೆ ನಗೆಯ ಅಲೆ ಏಳುತ್ತಿತ್ತು. ತಿರುಗಿ ನೋಡಿದರೆ ನಬೀಸ ಪುಸ್ತಕದಲ್ಲಿ ಮುಳುಗಿರುತ್ತಿದ್ದಳು. ಪುಸ್ತಕ ತಲೆಕೆಳಗಾಗಿರುತ್ತಿತ್ತು.

ನವೆಂಬರಿನಲ್ಲಿ ಕಲೋತ್ಸವ ಬಂತು. ಏಕಪಾತ್ರಾಭಿನಯಕ್ಕೆ ಪೇಟೆಯ ನಾಟಕ ತಂಡದಿಂದ ಮೂವರು ತೀರ್ಪುಗಾರರು ಬರಬೇಕಿತ್ತು. ಬಸ್ ಮುಷ್ಕರ, ಇಬ್ಬರೇ ಬಂದರು. ಹೆಡ್‌ಮಾಸ್ಟರ್ ಕೇಳುಕುಟ್ಟಿ ಮಾಷ್ ಪಂಚೆ ಮೇಲೆತ್ತಿ ಕಟ್ಟಿಕೊಂಡು ನನ್ನ ಹತ್ತಿರ ಓಡಿ ಬಂದರು.

"ಟೀಚರೇ, ಆ ಮೂರನೇ ಕುರ್ಚಿ ಖಾಲಿ ಇದೆ. ಬನ್ನಿ, ಕೂತ್ಕೊಳ್ಳಿ."

"ಅಯ್ಯೋ ಮಾಷ್, ನಾನಿನ್ನೂ ತರಬೇತಿಯವಳು."

"ಕುರ್ಚಿಗೆ ಅದೆಲ್ಲ ಗೊತ್ತಾಗಲ್ಲ. ಐವತ್ತಕ್ಕೆ ಅಂಕ ಹಾಕಿ, ಮುಗೀತು."

ಕುಳಿತೆ. ಕೈಗೆ ಕೆಂಪು ಪೆನ್ನು ಕೊಟ್ಟರು. ಎರಡು ತಿಂಗಳಿಂದ ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರು ನನಗೆ ಅಂಕ ಹಾಕುತ್ತಿದ್ದರು. ಈಗ ನಾನು ಹಾಕುವವಳು. ಆ ಪೆನ್ನು ಹಿಡಿದಾಗ ಆದ ಸುಖವನ್ನು ನಾನು ಮರೆಮಾಚಲಾರೆ.

ಒಂಬತ್ತನೆಯವಳಾಗಿ ನಬೀಸ ವೇದಿಕೆಗೆ ಬಂದಳು. "ವಿಷಯ: ಹೊಸ ಟೀಚರ್" ಎಂದಳು. ತಲೆವಸ್ತ್ರದ ತುದಿಯಿಂದ ಬೆರಳಿನ ಸೀಮೆಸುಣ್ಣ ಒರೆಸಿಕೊಂಡಳು. ನಾನು ಸೆರಗಿನಿಂದ ಒರೆಸಿಕೊಳ್ಳುವ ಹಾಗೆಯೇ! ಆಮೇಲೆ ಬಾಯಿ ತೆರೆದಳು. "ಮಕ್ಕಳೇ, ಗದ್ದಲ ಮಾಡ್ಬೇಡಿ... ಮಾಡ್ಬೇಡಿ ಅಂದೆ ಅಲ್ವಾ... ದಯವಿಟ್ಟು!" ಅದು ನನ್ನ ಸ್ವರ, ನನ್ನ ತೆಂಕಣ ಮಾತು. "ದಯವಿಟ್ಟು" ಎನ್ನುವಾಗ ಕತ್ತು ಕೊಂಚ ಓರೆಯಾಗುವುದು ಕೂಡ ನನ್ನದೇ. ನನಗೆ ಅಂಥದ್ದೊಂದು ಅಭ್ಯಾಸವಿದೆ ಎಂದು ತಿಳಿದದ್ದೇ ಆ ದಿನ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಶಿಕ್ಷಕರೂ ನಕ್ಕರು. ಕೇಳುಕುಟ್ಟಿ ಮಾಷ್ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು.

ನಾನು ತಲೆ ತಗ್ಗಿಸಿದೆ. ಮುಂದಿನದನ್ನು ನೋಡಲೇ ಇಲ್ಲ. ನಗು ನಿಂತು ಸಭಾಂಗಣ ಒಮ್ಮೆಲೇ ಮೌನವಾದದ್ದು ಮಾತ್ರ ಕೇಳಿಸಿತು. ಮುಗಿದಿರಬೇಕೆಂದುಕೊಂಡೆ. ಹದಿನಾಲ್ಕು ಎಂದು ಬರೆದೆ. ಐವತ್ತಕ್ಕೆ ಹದಿನಾಲ್ಕು! ಮಾತು ಮರೆತು ಅತ್ತುಕೊಂಡು ಇಳಿದುಹೋದ ಮಗುವಿಗೂ ಇಪ್ಪತ್ತು ಹಾಕಿದ್ದೆ.

ಪ್ರಥಮ ಸ್ಥಾನ ಭಿಕ್ಷುಕಿಯ ಪಾತ್ರ ಮಾಡಿದ ಪ್ರಸೀದಾಗೆ ಹೋಯಿತು. ಹೊರಡುವಾಗ ನಾಟಕದ ತಂಡದ ಹಿರಿಯರು ಚಪ್ಪಲಿ ಮೆಟ್ಟುತ್ತಾ ನನಗೆ ಹೇಳಿದರು, "ಆ ನಬೀಸ ಅನ್ನೋ ಮಗು ಕೊನೇ ಒಂದು ನಿಮಿಷ ಏನು ಮಾಡ್ತು ನೋಡಿದ್ರಾ? ಮಕ್ಕಳೆಲ್ಲ ಮನೆಗೆ ಹೋದ್ಮೇಲೆ ಆ ಟೀಚರ್ ಖಾಲಿ ಬೆಂಚುಗಳಿಗೆ ಪಾಠ ಮಾಡ್ತಾಳೆ. ತಾನೇ ಪ್ರಶ್ನೆ ಕೇಳ್ತಾಳೆ, ತಾನೇ ಉತ್ತರ ಹೇಳ್ತಾಳೆ, ಖಾಲಿ ಬೆಂಚಿಗೆ 'ಶಾಬಾಷ್' ಅಂತಾಳೆ. ಇದು ಯಾರನ್ನೋ ನೋಡಿ ಕಲ್ತದ್ದು, ಟೀಚರೇ. ಆ ಟೀಚರ್ ಯಾರೋ ಪುಣ್ಯವಂತೆ."

ಸಭಿಕರೇ, ದಿನವೂ ನಾಲ್ಕೂವರೆಯ ಮೇಲೆ ನಾನು ಬಾಗಿಲು ಹಾಕಿಕೊಂಡು ಮರುದಿನದ ಪಾಠವನ್ನು ಬೆಂಚುಗಳಿಗೆ ಒಪ್ಪಿಸುತ್ತಿದ್ದೆ. ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ಮರೆತ ಕೊಡೆಗಾಗಿ ವಾಪಸು ಬಂದ ಒಬ್ಬ ಹುಡುಗಿ ಕಿಟಕಿಯಲ್ಲಿ ನಿಂತು ನೋಡಿದ್ದಳು.

ಮರುದಿನ ಬೆಳಿಗ್ಗೆ ಕೇಳುಕುಟ್ಟಿ ಮಾಷ್ ಅವರ ಕೋಣೆಗೆ ಹೋದೆ. "ನಬೀಸಾಗೆ ಹಾಕಿದ ಅಂಕ ತಪ್ಪು ಮಾಷ್" ಎಂದೆ. ಅವರು ಅಂಕಪಟ್ಟಿ ತೆಗೆದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಂಕಿ ಹಿಂದುಮುಂದಾಯ್ತೇನೋ? ನಲವತ್ತೊಂದು ಬರೆಯೋಕೆ ಹೋಗಿ ಹದಿನಾಲ್ಕು ಬರೆದ್ರೇನೋ?"

ಅವರಿಗೆ ಎಲ್ಲ ತಿಳಿದಿತ್ತು. ನನ್ನ ತರಬೇತಿ ಕಾಲೇಜಿಗೆ ದೂರು ಹೋಗದಿರಲೆಂದು ಆ ದೊಡ್ಡ ಮನುಷ್ಯರು ಒಂದು ಬಾಗಿಲು ತೆರೆದು ತೋರಿಸಿದರು. ನಾನು ತಲೆ ತಗ್ಗಿಸಿ ಅದರಿಂದ ಹೊರಗೆ ಬಂದೆ. "ಹೌದು ಮಾಷ್, ಅವಸರದಲ್ಲಿ ಹಾಗಾಯ್ತು" ಎಂದು ಬರೆದುಕೊಟ್ಟೆ. ನಬೀಸ ಪ್ರಥಮಳಾದಳು. ಗೆದ್ದೆನೆಂದು ಮನೆಯಲ್ಲಿ ಹೇಳಿ ಬಂದಿದ್ದ ಪ್ರಸೀದ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಅದೂ ನನ್ನದೇ ಕೆಲಸ.

ಎರಡು ವಾರದ ನಂತರ ಉಪಜಿಲ್ಲಾ ಕಲೋತ್ಸವ. ಹುಡುಗಿಯರ ಜೊತೆಗೆ ನನ್ನನ್ನೇ ಕಳಿಸಿದರು. ವೇದಿಕೆಯ ಪಕ್ಕದ ಪರದೆಯ ಹಿಂದೆ ನಾನು, ನಬೀಸ. ಅವಳ ಸಂಖ್ಯೆ ಕೂಗಲು ಇನ್ನೊಂದು ಗಳಿಗೆ. ಆಗ ಕೇಳಿದಳು, "ಟೀಚರೇ, ಯಾವುದು ಮಾಡ್ಲಿ?"

"ಯಾವುದು ಅಂದ್ರೆ?"

"ಮೀನು ಮಾರೋಳ್ದೂ ಒಂದಿದೆ. ಇಲ್ಲಾಂದ್ರೆ... ಅದು."

ನಾನು ಹೇಳಿದೆ, "ನಿನ್ನಿಷ್ಟ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ವೇದಿಕೆಗೆ ಹೋಗಿ ಮೀನು ಮಾರುವವಳ ಪಾತ್ರ ಮಾಡಿದಳು. ಅಂದು ಮೀನು ಮಾರುವವರು ನಾಲ್ಕು ಜನರಿದ್ದರು. ಯಾವ ಸ್ಥಾನವೂ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಉಪ್ಪುನೀರಿನ ನೆಲ್ಲಿಕಾಯಿ ಕೊಟ್ಟಳು, "ತಿನ್ನಿ ಟೀಚರೇ, ಬಸ್ಸಲ್ಲಿ ವಾಂತಿ ಬರಲ್ಲ" ಎಂದಳು. ತಿಂದೆ. ಡಿಸೆಂಬರಿನಲ್ಲಿ ನನ್ನ ತರಬೇತಿ ಮುಗಿಯಿತು. ಒಳ್ಳೆಯ ಅಂಕ ಬಂದವು. ಮೇ ತಿಂಗಳಲ್ಲಿ ನಬೀಸಾಗೆ ಮದುವೆಯಾಯಿತೆಂದು ಯಾರೋ ಕಾಗದ ಬರೆದಿದ್ದರು. ವೇದಿಕೆ ಹತ್ತಲು ಅವಳಿಗೆ ಇನ್ನೊಂದು ವರ್ಷ ಇರಲಿಲ್ಲ.

ಕೊಲ್ಲಂನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಪಾಠ ಮಾಡಿದೆ. ನಿವೃತ್ತಳಾದ ಮೇಲೆ ಮಗಳ ಮನೆಗೆಂದು ಈ ಊರಿಗೆ ಬಂದೆ. ನಾಲ್ಕು ತಿಂಗಳ ಹಿಂದೆ ರವಿಕೆ ಹೊಲಿಸಲು ಪೇಟೆಯ ಒಂದು ಅಂಗಡಿಗೆ ಹೋದೆ. "ತೋಳು ಸ್ವಲ್ಪ ಸಡಿಲ ಇರ್ಲಿ" ಎಂದೆ, ಅಷ್ಟೇ. ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಹೆಂಗಸು ತಲೆಯೆತ್ತದೆ ಹೇಳಿದಳು, "ವಿಲಾಸಿನಿ ಟೀಚರ್ ಅಲ್ವಾ? ಸ್ವರಕ್ಕೆ ವಯಸ್ಸೇ ಆಗಿಲ್ಲ."

ಚಹಾ ತರಿಸಿದಳು. ಮೂವರು ಮಕ್ಕಳು, ಐದು ಹೊಲಿಗೆ ಯಂತ್ರ. ಗಂಡ ತೀರಿಕೊಂಡು ಎಂಟು ವರ್ಷ. ಎಲ್ಲ ಕೇಳಿದ ಮೇಲೆ ನಾನು ಹೇಳಿದೆ, "ನಬೀಸಾ, ಆವತ್ತು ಅಂಕಿ ಹಿಂದುಮುಂದಾಗಿದ್ದಲ್ಲ. ಬೇಕಂತಲೇ ಹಾಕಿದ್ದು."

ಅವಳು ನಕ್ಕಳು. "ಗೊತ್ತು ಟೀಚರೇ. ಇಡೀ ಶಾಲೆಗೇ ಗೊತ್ತಿತ್ತು. ನಾನು ನಿಮ್ಮನ್ನ ಆಡಿಕೊಂಡೆ, ನೀವು ಪೆನ್ನಲ್ಲಿ ಹೊಡೆದ್ರಿ, ಸಮ ಆಯ್ತು. ಅದನ್ನ ನಾನು ಆ ವಾರವೇ ಮರೆತೆ."

ನಿರಾಳವಾಯಿತು. ಅಷ್ಟಕ್ಕೆ ಎದ್ದು ಬಂದಿದ್ದರೆ ಈ ಭಾಷಣ ಇಲ್ಲಿಗೇ ಮುಗಿಯುತ್ತಿತ್ತು. ಅವಳು ಬಟ್ಟೆಗೆ ಗುರುತು ಹಾಕುತ್ತಾ ಮೆಲ್ಲಗೆ ಹೇಳಿದಳು, "ಆದ್ರೆ ಪರದೆ ಹಿಂದೆ ನಿಮ್ಮನ್ನ ಕೇಳಿದೆ ನೋಡಿ. 'ನಿನ್ನಿಷ್ಟ' ಅಂದ್ರಿ. ನನ್ನಿಷ್ಟ ಏನು ಅಂತ ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು, ಸಭಿಕರೇ. ಚೆನ್ನಾಗಿ ಗೊತ್ತಿತ್ತು. ಅವಳು ಕೇಳಿದ್ದು ಸಲಹೆಯನ್ನಲ್ಲ, ಅಪ್ಪಣೆಯನ್ನು. ಹದಿನೈದು ವರ್ಷದ ಮಗು ನನ್ನ ಮಾನ ಕಾಯಲು ತನ್ನ ಗೆಲುವನ್ನು ಕೈಯಲ್ಲಿ ಹಿಡಿದು ನಿಂತಿತ್ತು. ನಾನು ಅದನ್ನು ಸುಮ್ಮನೆ ತೆಗೆದುಕೊಂಡೆ. ಅಂಕಕ್ಕೆ ತಿದ್ದುಪಡಿಯಿದೆ. ಆ ಮಾತಿಗೆ ಎಲ್ಲಿಂದ ತರಲಿ?

ಇಂದು ಒಪ್ಪನ ಕುಣಿಯುವ ಹುಡುಗಿಯರ ಬಟ್ಟೆಗಳನ್ನು ಹೊಲಿದವಳು ನಬೀಸಾನೇ. ಗುಂಡಿ ಕಿತ್ತುಹೋದರೆ ಹಾಕಬೇಕೆಂದು ಸೂಜಿದಾರ ಹಿಡಿದು ಬಣ್ಣದ ಕೋಣೆಯಲ್ಲಿ ಕುಳಿತಿದ್ದಾಳೆ. ಮಧ್ಯಾಹ್ನ ಏಕಪಾತ್ರಾಭಿನಯ ಮುಗಿದು ತೀರ್ಪುಗಾರರು ಅಂಕ ಕೂಡಿಸುವಾಗ ವೇದಿಕೆ ಐದು ನಿಮಿಷ ಖಾಲಿ ಇರುತ್ತದೆ. ಆ ಐದು ನಿಮಿಷವನ್ನು ಮುಖ್ಯೋಪಾಧ್ಯಾಯರಲ್ಲಿ ಬೇಡಿಕೊಂಡಿದ್ದೇನೆ, ಕೊಟ್ಟಿದ್ದಾರೆ. ಅವಳಿಗೆ ಇನ್ನೂ ಹೇಳಿಲ್ಲ. ಈಗ ಈ ಮೈಕಿನಲ್ಲಿ ಕೇಳಿಸಿಕೊಂಡಿರುತ್ತಾಳೆ. ನಬೀಸಾ, ಈ ವಯಸ್ಸಲ್ಲಿ ಯಾವುದು ಮಾಡ್ಲಿ ಟೀಚರೇ ಅಂತ ನೀನು ಕೇಳ್ತೀಯ. ಅದನ್ನೇ ಮಾಡು, ಮಗಳೇ. ಮೊದಲಿಂದ ಕೊನೇವರೆಗೂ ಮಾಡು. ನಾನು ತಲೆ ತಗ್ಗಿಸಲ್ಲ.

ನನ್ನ ಕಂಠವನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ದೀಪ ಹಚ್ಚೋಣ. ನಮಸ್ಕಾರ.